ಹಾಜರಿ ಪಟ್ಟಿಯಲ್ಲಿಲ್ಲದ ಹೆಸರು

ಕೋಟೇಶ್ವರ
12 ಫೆಬ್ರವರಿ 2024, ಸೋಮವಾರ

ಶೇಖರ ಅವರಿಗೆ,

'ಪ್ರೀತಿಯ' ಎಂದು ಬರೆಯಲು ಹೋಗಿ ಬಿಟ್ಟೆ. ಹದಿಮೂರು ವರ್ಷ ಮಾತೇ ಆಡದವರ ನಡುವೆ ಆ ಶಬ್ದ ನನಗೂ ಮುಜುಗರ, ನಿಮಗೂ ಮುಜುಗರ. ನಾನು ಸೌಖ್ಯವಾಗಿದ್ದೇನೆ. ನೀವೂ ಸೌಖ್ಯ ಎಂದು ಸುಂದರಣ್ಣ ಹೇಳಿದರು.

ಹೌದು, ನಿಮ್ಮ ಘಾಟ್‌ಕೋಪರಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಎದುರು ನಿಂತ ಅದೇ ಸುಂದರಣ್ಣ. ಅವರ ಮಗಳು ರಮಿತಾ ನನ್ನ ಹಳೆಯ ವಿದ್ಯಾರ್ಥಿನಿ. ಮೊನ್ನೆ ಶುಕ್ರವಾರ ಮಧ್ಯಾಹ್ನ ಅವಳ ಮದುವೆಯ ಕಾಗದ ಕೊಡಲು ಅವರು ಕುಂದಾಪುರದ ನಮ್ಮ ಕಾಲೇಜಿಗೆ ಬಂದಿದ್ದರು. ಕಾಗದ ಕೈಗೆ ಕೊಟ್ಟು, "ಊಟದ್ ಉಸ್ತುವಾರಿ ಎಲ್ಲ ಶೇಖರಣ್ಣಂದೇ, ಮೇಡಂ" ಎಂದರು. ಕೊರೊನಾ ವರ್ಷ ಊರಿಗೆ ಬಂದ ನೀವು ಬೊಂಬಾಯಿಗೆ ವಾಪಸು ಹೋಗಲೇ ಇಲ್ಲ, ಮೂರು ವರ್ಷದಿಂದ ಬೈಂದೂರಿನ ಸ್ಟೇಷನ್ ರಸ್ತೆಯಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದೀರಿ ಎಂದು ನನಗೆ ಗೊತ್ತಾದದ್ದು ಆಗ. ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ. ನಾನು ನಿಮ್ಮನ್ನು ಇಷ್ಟು ವರ್ಷವೂ ಸಾವಿರ ಕಿಲೋಮೀಟರ್ ಆಚೆ ಇಟ್ಟುಕೊಂಡಿದ್ದೆ.

ಮದುವೆಗೆ ನಾನು ಹೋಗದೆ ಇರುವಂತಿಲ್ಲ. ಅಲ್ಲಿ ಎಲೆಯ ಮುಂದೆ ಕೂತಿರುವಾಗ ನೀವು ಬಡಿಸುತ್ತ ಬಂದು ಎದುರು ನಿಂತರೆ ನಾಲ್ಕು ಜನರ ನಡುವೆ ಏನು ಹೇಳಲಿ? ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಹೇಳಬೇಕಾದದ್ದು 2020ರ ಮೇ ತಿಂಗಳಿನದು. ಆದರೆ ಆ ವರ್ಷ ನಾನು ಪಾಠ ಮಾಡಿದ ರೀತಿಯನ್ನು ಹೇಳದೆ ಅದನ್ನು ಹೇಳಿದರೆ ಅರ್ಥವಾಗುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಮಕ್ಕಳನ್ನು ಮನೆಗೆ ಕಳಿಸಿದೆವು. ಹತ್ತು ದಿನದ ರಜೆ ಎಂದುಕೊಂಡಿದ್ದೆ. ಏಪ್ರಿಲಿನಲ್ಲಿ ಪ್ರಿನ್ಸಿಪಾಲರ ಮೆಸೇಜು ಬಂತು, ನಾಳೆಯಿಂದ ಎಲ್ಲರೂ ಆನ್‌ಲೈನ್ ಕ್ಲಾಸು ತೆಗೆದುಕೊಳ್ಳಬೇಕು ಎಂದು. ನಾಳೆಯಿಂದ! ಇಪ್ಪತ್ತೆರಡು ವರ್ಷ ಚಾಕ್‌ಪೀಸಿನಲ್ಲಿ ಪಾಠ ಮಾಡಿದವಳಿಗೆ ಒಂದು ರಾತ್ರಿಯ ವಾಯಿದೆ. ಮೊಬೈಲನ್ನು ನಾನು ಬಳಸುತ್ತಿದ್ದುದು ಮಾತಾಡಲಿಕ್ಕೆ, ಮತ್ತೆ ಕೆಳಗಿನ ಮನೆಯ ಬೇಬಿಯಕ್ಕ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಚಿತ್ರ ನೋಡಲಿಕ್ಕೆ. ಬೇಬಿಯಕ್ಕ ನನ್ನ ಮನೆಯೊಡತಿ. ಬೀಜಾಡಿಗೆ ಹೋಗುವ ರಸ್ತೆಯಲ್ಲಿ ಅವರ ಮನೆ, ಮಹಡಿಯಲ್ಲಿ ನಾನು.

ಕುಕ್ಕರನ್ನು ಬೋರಲು ಹಾಕಿ, ಅದರ ಮೇಲೆ ನಿಘಂಟು ಇಟ್ಟು, ಅದಕ್ಕೆ ಮೊಬೈಲು ಒರಗಿಸಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ವಿಜಯನಗರದ ಕಾಲದ ಬಾರ್ಕೂರು ರಾಜ್ಯದ ಆಡಳಿತ ಅಂದಿನ ಪಾಠ. ನಲವತ್ತು ನಿಮಿಷ ಒಂದೇ ಉಸಿರಿನಲ್ಲಿ ಮಾಡಿದೆ. ಮುಗಿಸಿ, ಸಂಶಯ ಏನಾದರೂ ಇದೆಯಾ ಎಂದು ಕೇಳಿದೆ. ಯಾರೂ ಉಸಿರೆತ್ತಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದು ಖುಷಿಪಟ್ಟೆ. ಐದು ನಿಮಿಷ ಬಿಟ್ಟು ರಮಿತಾ ಫೋನು ಮಾಡಿದಳು. ಅವಳು ಆಗ ಬಿ.ಎ. ಎರಡನೇ ವರ್ಷ.

"ಮೇಡಂ, ಬೇಜಾರ್ ಮಾಡ್ಕಣ್ಬೇಡಿ. ನಿಮ್ ಮೈಕ್ ಆನೇ ಆಯ್ಲಿಲ್ಲ."

"ಮತ್ತೆ ನೀವೆಲ್ಲ ಯಾಕೆ ಕೂತಿದ್ದಿರಿ?"

"ಸುಮ್ನೆ ನಿಮ್ಮನ್ನ್ ಕಾಂತಾ ಕೂತ್ಕಂಡ್ಯೊ, ಮೇಡಂ."

ಸ್ವರವಿಲ್ಲದ ನನ್ನನ್ನು ನೋಡುತ್ತ ಕೂತಿದ್ದರಂತೆ. ಆ ದಿನ ನಕ್ಕೆ. ಆಮೇಲಿನ ದಿನಗಳಲ್ಲಿ ನಗು ಬರಲಿಲ್ಲ. ನಾನು ಮುಖ ನೋಡಿ ಪಾಠ ಮಾಡುವವಳು. ಹಿಂದಿನ ಬೆಂಚಿನಲ್ಲಿ ಯಾರಾದರೂ ಆಕಳಿಸಿದರೆ ಒಂದು ಕಥೆ ಸೇರಿಸಬೇಕು, ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಹೇಳಬೇಕು. ಅಷ್ಟೇ ನನಗೆ ಬರುವ ವಿದ್ಯೆ. ಮೊಬೈಲಿನಲ್ಲಿ ಮುಖವೇ ಇಲ್ಲ. ಬಣ್ಣದ ಒಂದೊಂದು ಗುಂಡು, ಅದರೊಳಗೆ ಹೆಸರಿನ ಮೊದಲ ಅಕ್ಷರ. ಹಾಜರಿ ಪಟ್ಟಿಯಲ್ಲಿ ಅರವತ್ತೊಂದು ಮಕ್ಕಳಿದ್ದರೆ ಮೊಬೈಲಿಗೆ ಬರುತ್ತಿದ್ದುದು ಇಪ್ಪತ್ತಮೂರು ಗುಂಡು, ಕೆಲವು ದಿನ ಹದಿನಾಲ್ಕು. ಅದರಲ್ಲೂ ಅರ್ಧದಷ್ಟು ಮಕ್ಕಳು ಹೆಸರನ್ನು ಅಲ್ಲಿ ಕೂರಿಸಿ ತಾವು ಎದ್ದು ಹೋದವರು. ತಪ್ಪು ಅವರದಲ್ಲ. ಒಬ್ಬಳ ಮನೆಯಲ್ಲಿ ಮೂವರು ಮಕ್ಕಳಿಗೆ ಒಂದೇ ಫೋನು. ರಮಿತಾಳ ಊರಿನಲ್ಲಿ ಸಿಗ್ನಲ್ ಸಿಗಬೇಕಾದರೆ ಮನೆಯ ಹಿಂದಿನ ಗುಡ್ಡದ ಗೇರುಮರಗಳ ಹಾಡಿ ಹತ್ತಬೇಕು. ಅವಳು ಅಲ್ಲಿ ಬಂಡೆಯ ಮೇಲೆ ಕೂತು ಪಾಠ ಕೇಳುತ್ತಿದ್ದಳು, ಇರುವೆ ಕಚ್ಚಿ ಅವಳು ಕೂಗಿದರೆ ನನಗೂ ಕೇಳುತ್ತಿತ್ತು.

ಪ್ರತಿ ವರ್ಷ ಈ ಪಾಠಕ್ಕೆ ಮಕ್ಕಳನ್ನು ಲೋಕಲ್ ಬಸ್ಸಿನಲ್ಲಿ ಬಾರ್ಕೂರಿಗೇ ಕರೆದುಕೊಂಡು ಹೋಗುತ್ತಿದ್ದೆ. ಈಗ ಗದ್ದೆ, ತೆಂಗು ಇರುವ ಜಾಗದಲ್ಲಿ ನಿಲ್ಲಿಸಿ, ಇದು ರಾಜಧಾನಿಯ ಬೀದಿ ಎಂದರೆ ಅವರು ನಂಬದೆ ನನ್ನನ್ನು ನೋಡುವುದು, ಆಮೇಲೆ ಒಂದು ಕೆತ್ತಿದ ಕಲ್ಲು ಕಂಡು ಓಡುವುದು. ಆ ವರ್ಷ ಎಲ್ಲವನ್ನೂ ಕುಕ್ಕರಿನ ಎದುರು ಕೂತು ವರ್ಣಿಸಿದೆ.

ನಿಮಗೆ ಒಂದು ವಿಷಯ ಹೇಳಲು ನಾಚಿಕೆಯಾಗುತ್ತದೆ. ಕ್ಲಾಸು ಮುಗಿದ ಮೇಲೆ ನಾನು ಮೊದಲು ಹೊರಗೆ ಹೋಗುತ್ತಿರಲಿಲ್ಲ. ಗುಂಡುಗಳು ಒಂದೊಂದಾಗಿ ಮಾಯವಾಗುವುದನ್ನು ನೋಡುತ್ತಿದ್ದೆ. ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಹೇಳುತ್ತಿದ್ದೆ. ಕೊನೆಗೆ ಯಾವುದಾದರೂ ಒಂದು ಉಳಿದರೆ, ಏನೋ ಕೇಳಲಿಕ್ಕಿದೆ ಎಂದು ಆಸೆಯಾಗುತ್ತಿತ್ತು. ಯಾರಿದು, ಮಾತಾಡಿ ಎಂದರೆ ಉತ್ತರವಿಲ್ಲ. ಯಾವುದೋ ಮಗು ಫೋನು ಬಿಟ್ಟು ನಿದ್ದೆ ಹೋಗಿರುತ್ತಿತ್ತು, ಅಷ್ಟೇ. ಆಮೇಲೆ ಮನೆಯೊಳಗೆ ನಾನೊಬ್ಬಳೇ. ಬೇಬಿಯಕ್ಕ ಕೂಡ ಸಾರಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ಬಡಿದು, ನಾನು ತೆಗೆಯುವ ಮೊದಲೇ ಕೆಳಗೆ ಇಳಿದುಬಿಡುತ್ತಿದ್ದರು. ಅವರಿಗೂ ಹೆದರಿಕೆ. ಒಂದು ದಿನ ಲೆಕ್ಕ ಹಾಕಿದೆ: ಎದುರಿಗೆ ನಿಂತ ಒಬ್ಬ ಮನುಷ್ಯನೊಡನೆ ಮಾತಾಡಿ ಹತ್ತೊಂಬತ್ತು ದಿನ ಆಗಿತ್ತು.

2011ರಲ್ಲಿ, ನಾವು ಕೊನೆಯ ಸಲ ಜಗಳವಾಡಿದಾಗ, ನೀವು ಹೇಳಿದ ಮಾತು ಆಗ ನೆನಪಾಗುತ್ತಿತ್ತು. ಕೆಲಸ ಬಿಟ್ಟು ಬೊಂಬಾಯಿಗೆ ಬಾ ಎಂದು ನೀವು, ಬರುವುದಿಲ್ಲ ಎಂದು ನಾನು. "ನಿಂಗ್ ನಾಕ್ ಗ್ವಾಡಿ, ಒಂದ್ ಬೋರ್ಡ್ ಇದ್ರೆ ಸಾಕ್. ಗಂಡ ಬ್ಯಾಡ" ಎಂದಿರಿ. ಬೇಡ ಎಂದೆ. ಅದೊಂದೇ ಶಬ್ದ. ಮರುದಿನ ನೀವು ಬಸ್ಸು ಹತ್ತಿದಿರಿ. ಮೊದಲು ಅವರೇ ಫೋನು ಮಾಡಲಿ ಎಂದು ನಾನು ಕೂತೆ. ನೀವೂ ಹಾಗೆಯೇ ಕೂತಿರಬೇಕು. ಜಗಳಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿತ್ತು ಎಂದು ಆಮೇಲೆ ಅನೇಕ ಸಲ ಅನಿಸಿದೆ. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ. ಯಾರಾದರೂ ಕೇಳಿದರೆ ಹೇಳಲಿಕ್ಕೂ ಒಂದು ಕಥೆಯಿಲ್ಲ. 2020ರಲ್ಲಿ ನನಗೆ ನಾಲ್ಕು ಗೋಡೆಯೂ ಇತ್ತು, ಆದರೆ ಬೋರ್ಡು ಇರಲಿಲ್ಲ, ಮಕ್ಕಳೂ ಇರಲಿಲ್ಲ.

ಮೇ ತಿಂಗಳ ನಡುವೆ ಬೊಂಬಾಯಿಯಿಂದ ಬಸ್ಸುಗಳು ಬರತೊಡಗಿದವು. ಬಂದವರನ್ನು ಹದಿನಾಲ್ಕು ದಿನ ಬೇರೆ ಇಡಬೇಕು ಎಂದು ಶಾಲೆ ಕಾಲೇಜುಗಳನ್ನೆಲ್ಲ ಕ್ವಾರಂಟೈನ್ ಕೇಂದ್ರ ಮಾಡಿದರು. ನಮ್ಮ ಕಾಲೇಜಿನ ಬೆಂಚುಗಳನ್ನು ಹೊರಗೆ ಹಾಕಿ, ಕ್ಲಾಸುಗಳಲ್ಲಿ ಚಾಪೆ ಹಾಸಿದರು. ಪ್ರಿನ್ಸಿಪಾಲರು ಕೆಲವರಿಗೆ ಕೆಲಸ ಹಂಚಿದ್ದರು. ಪಾಠ ಇದೆಯೆಂದು ನನಗೆ ಹೆಚ್ಚೇನೂ ಬೀಳಲಿಲ್ಲ. ಬಂದವರು ಯಾರು, ಎಲ್ಲಿಯವರು ಎಂದು ನಾನೂ ವಿಚಾರಿಸಲಿಲ್ಲ. ಊರಿನ ಜನ ಆಡಿದ ಮಾತು ನಿಮಗೆ ಗೊತ್ತೇ ಇದೆ. ವರ್ಷವರ್ಷವೂ ಊರಿನ ದೇವಸ್ಥಾನಕ್ಕೆ, ಶಾಲೆಗೆ ದುಡಿದು ಕಳಿಸಿದವರು ಬಂದರೆ ಬಾಗಿಲು ಹಾಕಿಕೊಂಡರು. ಬೇಬಿಯಕ್ಕ ಮೆಟ್ಟಿಲ ಬುಡದಿಂದಲೇ ಕೂಗಿ ಹೇಳಿದರು, "ಹ್ವಾಯ್ ಟೀಚರೆ, ನಿಮ್ ಕಾಲೇಜಂಗೆ ಬೊಂಬಾಯಿಯರ್ ಬಂದಿರಂಬ್ರ್. ಆ ಬದಿಗೆ ಹೋಪ್ದೇ ಬ್ಯಾಡ!" ನಾನು ಆಯಿತು ಎಂದೆ.

ಅದೇ ವಾರ ನನ್ನ ಕ್ಲಾಸಿನಲ್ಲಿ ಪಟ್ಟಿಯಲ್ಲಿಲ್ಲದ ಒಂದು ಹೆಸರು ಕಾಣಿಸಿಕೊಂಡಿತು. ಸುಂದರ. ಗೊತ್ತಿಲ್ಲದವರು ಬಂದರೆ ಹೊರಗೆ ಹಾಕಬೇಕು ಎಂದು ನಮಗೆ ಹೇಳಿದ್ದರು. ಯಾರದು ಎಂದು ಕೇಳಿದೆ. ರಮಿತಾ ಗಡಿಬಿಡಿಯಲ್ಲಿ ಮಾತಾಡಿದಳು.

"ಮೇಡಂ, ಅದ್ ನನ್ ಅಪ್ಪ. ಬೊಂಬಾಯಿಂದ ಬಂದಿರ್, ನಮ್ ಕಾಲೇಜಂಗೇ ಇಟ್ಟಿರ್. ನನ್ ಕಾಣ್ದೆ ಎರಡ್ ವರ್ಷ ಆಯ್ತ್. ನಾನ್ ಕ್ಲಾಸಂಗೆ ಮಾತಾಡುದ್ ಕೇಣ್ಕ್ ಅಂದ್ರ್. ನಾನೇ ಲಿಂಕ್ ಕಳ್ಸದ್ದ್. ತಪ್ಪಾಯ್ತ್."

ಇರಲಿ ಎಂದೆ. ಅಂದಿನಿಂದ ಪ್ರತಿ ಕ್ಲಾಸಿನಲ್ಲಿ ರಮಿತಾಳಿಗೆ ಒಂದು ಪ್ರಶ್ನೆ ಕೇಳುವುದು ಅಭ್ಯಾಸವಾಯಿತು. ಅವಳು ಅಪ್ಪನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ, ಪುಸ್ತಕದ ಕನ್ನಡದಲ್ಲಿ ಉತ್ತರ ಹೇಳುತ್ತಿದ್ದಳು. ಹಾಡಿಯ ಹಕ್ಕಿಗಳ ಕೂಗು ಹಿಂದೆ ಕೇಳುತ್ತಿತ್ತು.

ಆ ಗುಂಡು ಒಂದು ದಿನವೂ ತಪ್ಪಲಿಲ್ಲ. ನಾನು ಕ್ಲಾಸು ತೆರೆಯುವ ಮೊದಲೇ ಬಂದು ಕಾಯುತ್ತಿತ್ತು. ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ಇರುತ್ತಿತ್ತು. ನಾನು ಮಾತಾಡಲಿಲ್ಲ, ಅತ್ತಲಿಂದಲೂ ಮಾತಿಲ್ಲ. ಆದರೆ ಅತ್ತ ಕಡೆ ಒಬ್ಬರು ನಿಜವಾಗಿ ಕೂತು ಕೇಳುತ್ತಿದ್ದಾರೆ ಎಂಬುದು ಪಾಠ ಮಾಡುವವರಿಗೆ ಹೇಗೋ ಗೊತ್ತಾಗುತ್ತದೆ. ನನ್ನ ಪಾಠ ಸುಧಾರಿಸಿತು. ಹಿಂದಿನ ದಿನವೇ ಟಿಪ್ಪಣಿ ಮಾಡಿಕೊಂಡೆ. ಕಥೆ ಸೇರಿಸಿದೆ. ಬಾರ್ಕೂರಿನ ಬಂದರಿಗೆ ಕುದುರೆ ಬಂದಿಳಿಯುವುದನ್ನು ಹೇಳಿದ ದಿನ, ಎಂದೂ ಬಾಯಿ ಬಿಡದ ಹುಡುಗನೊಬ್ಬ ಮೈಕು ತೆರೆದು, ಆಮೇಲೆ ಏನಾಯ್ತು ಮೇಡಂ ಎಂದು ಕೇಳಿದ. ಒಂದು ದಿನ ಸುಂದರಣ್ಣನ ಮೈಕು ಅಕಸ್ಮಾತ್ ತೆರೆದುಕೊಂಡು ಯಾರೋ ಕೆಮ್ಮಿದ್ದು ಕೇಳಿಸಿತು. ನಾನು ಹೇಳುತ್ತಿದ್ದ ವಾಕ್ಯ ಮರೆತುಹೋಯಿತು. ನೀರು ಕುಡಿದು ಮುಂದುವರಿಸಿದೆ.

ನಿಮ್ಮ ಬಸ್ಸು ಬಂದ ಹನ್ನೆರಡನೇ ದಿನ ಬೆಳಿಗ್ಗೆ ರಮಿತಾ ಫೋನು ಮಾಡಿ ಅತ್ತಳು. ಅಪ್ಪನ ಬಿ.ಪಿ. ಮಾತ್ರೆ ಮುಗಿದಿದೆ, ಹೇಳಿದರೂ ಇನ್ನೂ ಬಂದಿಲ್ಲ, ಕುಂದಾಪುರದಲ್ಲಿ ತನಗೆ ಗೊತ್ತಿರುವವರು ನೀವೊಬ್ಬರೇ ಎಂದಳು. ನಾನು ಸ್ಕೂಟರ್ ತೆಗೆದೆ. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಪರದೆ, ಕೈಗೆ ಗವುಸು, ತಲೆಯ ಮೇಲೆ ಸೆರಗು. ಮಾತ್ರೆ ತೆಗೆದುಕೊಂಡು ಎರಡು ತಿಂಗಳ ಮೇಲೆ ಮೊದಲ ಸಲ ಕಾಲೇಜಿನ ಗೇಟಿನ ಒಳಗೆ ಕಾಲಿಟ್ಟೆ. ಅಟೆಂಡರ್ ಗಣಪ ನನ್ನ ಗುರುತು ಹಿಡಿಯದೆ ತಡೆದ. ಹೆಸರು ಹೇಳಿದ ಮೇಲೆ, "ಮೇಲ್ ಹತ್ಬೇಡಿ ಮೇಡಂ. ಕೆಳ್ಗಿಂದ್ಲೇ ಕರೀರಿ, ಬಕೇಟ್ ಇಳ್ಸ್ತ್ರ್" ಎಂದ.

ಅಂಗಳದಲ್ಲಿ ನಿಂತು ಸುಂದರಣ್ಣ ಎಂದು ಕರೆದೆ. ಮಹಡಿಯ ಜಗಲಿಗೆ ಬಂದವರು ನೀವು.

ಬಿಳಿ ಬನಿಯನ್ನು, ಲುಂಗಿ, ಹೆಗಲ ಮೇಲೆ ಮೈ ಒರೆಸುವ ಬೈರಾಸು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೊಂಬಾಯಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಂದಿದ್ದ ಹೊಟ್ಟೆ ಇಳಿದಿತ್ತು. ಜಗಲಿಯ ಕಂಬಿಗೆ ಎರಡೂ ಕೈ ಊರಿ, ಬಗ್ಗಿ ನೋಡಿದಿರಿ.

"ಸುಂದರ ಮೀಂಬುಕ್ ಹೋಯ್ದ. ಬಕೇಟಂಗ್ ಹಾಕಿ, ನಾನ್ ಎಳ್ಕಂತೆ."

ಸ್ನಾನಕ್ಕೆ ಹೋದ ಸುಂದರಣ್ಣನ ಬದಲು ನೀವೇ ಹಗ್ಗಕ್ಕೆ ಕಟ್ಟಿದ ಬಕೇಟು ಇಳಿಸಿದಿರಿ. ಮಾತ್ರೆ ಹಾಕಿದೆ. ನೀವು ಎಳೆದುಕೊಂಡಿರಿ. ನಾನು ತಿರುಗಿದೆ.

"ಟೀಚರೆ, ಒಂದ್ ಮಾತ್ ಕೇಂತೆ."

ನಿಂತೆ.

"ಇಲ್ಲ್ ಹಿಸ್ಟ್ರಿಗೆ ಹರಿಣಾಕ್ಷಿ ಅಂದೇಳಿ ಒಬ್ರ್ ಇದ್ರಲೆ. ಅವ್ರ್ ಹ್ಯಾಂಗಿದ್ರ್?"

ಒಂಬತ್ತು ವರ್ಷ ಈ ಪ್ರಶ್ನೆಗೆ ನಾನು ಕಾದಿದ್ದೆ. ಆದರೆ ನೀವು ಅದನ್ನು ನನ್ನನ್ನು ಕೇಳಲಿಲ್ಲ, ಮಾತ್ರೆ ತಂದ ಯಾರೋ ಟೀಚರನ್ನು ಕೇಳಿದಿರಿ. ನಾನಾಗಿದ್ದರೆ ಯಾವ ಮಾಸ್ಕಿನ ಒಳಗೆ ಇದ್ದರೂ ನಿಮ್ಮನ್ನು ಗುರುತಿಸುತ್ತಿದ್ದೆ ಎಂದು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಅಂಗಳದಲ್ಲಿ ಗಣಪ ನೋಡುತ್ತಿದ್ದ.

"ಅವ್ರಿಗೆ ವರ್ಗ ಆಯ್ತ್" ಎಂದೆ.

"ಎಲ್ಲಿಗೆ?"

"ಗೊತ್ತಿಲ್ಲ."

ನೀವು, "ಹೌದಾ. ಎಲ್ಲಿದ್ರೂ ಸೌಖ್ಯ ಇರ್ಲಿ" ಎಂದು ಒಳಗೆ ಹೋದಿರಿ. ನಾನು ಸ್ಕೂಟರನ್ನು ಗೇಟಿನವರೆಗೆ ದೂಡಿಕೊಂಡೇ ಹೋದೆ. ಹತ್ತಿ ಕೂರಬಹುದು ಎಂಬುದೇ ಹೊಳೆಯಲಿಲ್ಲ. ಶೇಖರ ಅವರೇ, ಆ ಟೀಚರು ನಾನು.

ಮರುದಿನ ಹತ್ತು ಗಂಟೆಗೆ ಕ್ಲಾಸು. ಮೊಬೈಲಿನ ಎದುರು ಕೂತೆ. ಮೈಕು ತೆರೆದಿದೆಯೇ ಎಂದು ನೋಡಿಕೊಂಡೆ. ಹತ್ತೊಂಬತ್ತು ಗುಂಡು, ಜೊತೆಗೆ ಸುಂದರ. ಬಾಯಿ ತೆರೆದರೆ ಸ್ವರವೇ ಬರಲಿಲ್ಲ. ಕಣ್ಣು ಮಿಟುಕಿಸಿದರೆ ನೀರು ಬೀಳುತ್ತದೆ ಎಂದು ಮಿಟುಕಿಸದೆ ಕೂತೆ. ಮಕ್ಕಳು ನೆಟ್‌ವರ್ಕ್ ಹೋಯಿತು ಎಂದುಕೊಂಡರು. ಪರದೆಯ ಮೇಲೆ ಒಂದರ ಮೇಲೊಂದು ಅಕ್ಷರಗಳು ಬಂದವು: ಮೇಡಂ ಸ್ಟಕ್, ಮೇಡಂ ಸ್ಟಕ್. ಒಬ್ಬ, "ಮೇಡಂ ಫೋಟೋ ಆಗಿ ಹೋಯ್ರ್ ಮಾರಾಯ" ಎಂದು ನಗಾಡಿದ್ದೂ ಕೇಳಿಸಿತು. ಆಮೇಲೆ ಒಂದೊಂದಾಗಿ ಹೊರಟರು. ಹದಿನೈದು, ಒಂಬತ್ತು, ನಾಲ್ಕು. ಕೊನೆಗೆ ಅಪ್ಪ, ಮಗಳು ಇಬ್ಬರೇ.

"ಮೇಡಂ, ನಾನ್ ಮಾತಾಡುದ್ ಕೇಂತಿತ್ತಾ?" ಎಂದಳು ರಮಿತಾ. "ನೀವ್ ಹುಶಾರಿದ್ರ್ಯಾ?"

"ನೆಟ್‌ವರ್ಕ್ ಸರಿ ಇಲ್ಲ ಮಗು" ಎಂದೆ. ಎರಡು ದಿನದಲ್ಲಿ ಹೇಳಿದ ಎರಡನೇ ಸುಳ್ಳು.

ಅವಳು ಹೋದಳು. ಸುಂದರ ಎಂಬ ಹೆಸರು ಉಳಿಯಿತು. ನಾನು ಕೂತೇ ಇದ್ದೆ, ಅದೂ ಇತ್ತು. ಎಷ್ಟು ಹೊತ್ತು ಎಂದು ಹೇಳಲಾರೆ. ಕೆಳಗೆ ಬೇಬಿಯಕ್ಕನ ಕುಕ್ಕರು ಮೂರು ಸಲ ಕೂಗಿತು. ಆಮೇಲೆ ಅದೂ ಹೋಯಿತು.

ಅದರ ಮಾರನೇ ದಿನ ನಿಮ್ಮನ್ನೆಲ್ಲ ಮನೆಗೆ ಕಳಿಸಿದರು. ನಾನು ಕಾಲೇಜಿನ ಬದಿಗೆ ಹೋಗಲಿಲ್ಲ. ನೀವು ಬೊಂಬಾಯಿಗೆ ಹಿಂದಿರುಗಿರುತ್ತೀರಿ ಎಂದುಕೊಂಡೆ. ನವೆಂಬರಿನಲ್ಲಿ ಕಾಲೇಜು ತೆರೆದಾಗ ಮಕ್ಕಳು ಮೂಗು ಬಾಯಿ ಮುಚ್ಚಿಕೊಂಡು ಬಂದರು. ಬೆಂಚಿಗೊಬ್ಬರು. ಆರು ತಿಂಗಳು ಹೆಸರಾಗಿದ್ದವರು ಈಗ ಬರೀ ಕಣ್ಣು. ಮಾತಾಡಿದರೆ ಮಾತ್ರ ಇವಳು ಯಾರು, ಅವನು ಯಾರು ಎಂದು ತಿಳಿಯುತ್ತಿತ್ತು. ಎಷ್ಟೋ ದಿನದ ಮೇಲೆ ಬೋರ್ಡಿನ ಮೇಲೆ ಚಾಕ್‌ಪೀಸು ಇಟ್ಟೆ. ಆದರೆ ಪಾಠ ಮಾಡುವಾಗ ನನ್ನ ಕಣ್ಣು ಮಕ್ಕಳ ಮೇಲೆ ನಿಲ್ಲದೆ ಹಿಂದಿನ ಗೋಡೆಗೆ ಹೋಗುತ್ತಿತ್ತು. ಅದು ಬಿಡಿ.

ಈಗ ಶುಕ್ರವಾರದ ಮಾತು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ನಿಮ್ಮ ಹೆಸರು ಬಂದಾಗ ನನ್ನ ಮುಖ ಹೇಗಾಯಿತೋ ಏನೋ, ಸುಂದರಣ್ಣ ಕುರ್ಚಿಯ ತುದಿಗೆ ಬಂದು ಕೂತರು.

"ಮೇಡಂ, ಒಂದ್ ಹೇಳ್ತೆ, ಸಿಟ್ ಮಾಡ್ಕಣ್ಬೇಡಿ. ಆಗ ಕ್ಲಾಸಂಗೆ ಫೋನ್ ನಂದ್, ಕೇಂತಿದ್ದದ್ದ್ ಶೇಖರಣ್ಣ. ನಾನ್ ರಮಿತಾ ಮಾತಾಡದ್ ಕೇಂಡ್ ಕೂಡ್ಲೇ ಮನಿಕಂತಿದ್ದೆ. ಅವ್ರ್ ಕಡಿವರೆಗೂ ಕೇಂತಿದ್ರ್. ಮುಗ್ದ್ ಮೇಲೂ ಬಂದ್ ಮಾಡುಕೆ ಬಿಡ್ತಿರ್ಲಿಲ್ಲ."

"ನಾನೆಂದು ಅವರಿಗೆ ಗೊತ್ತಿತ್ತಾ?"

"ಎಂತ ಮೇಡಂ, ಹೆಂಡ್ತಿ ಸ್ವರ ಗೊತ್ತಾತ್ತಿಲ್ಯಾ?"

ನಾನು ಮದುವೆಯ ಕಾಗದವನ್ನು ಮೇಜಿನ ಮೇಲಿಟ್ಟೆ. ಅವರೇ ಮುಂದುವರಿಸಿದರು.

"ನೀವ್ ಮಾತ್ರಿ ತಂದ್ ದಿನ ನಾನ್ ಮಿಂದ್ ಬಪ್ಪತ್ತಿಗೆ ಅವ್ರ್ ಗ್ವಾಡಿ ಬದಿ ಕೂಕಂಡಿದ್ರ್. ಯಾರ್ ತಂದ್ ಕೊಟ್ರ್ ಕೇಂಡೆ. 'ಒಬ್ರ್ ಟೀಚರ್. ಹರಿಣಾಕ್ಷಿಗೆ ವರ್ಗ ಆಯ್ತಂಬ್ರ್' ಅಂದೇಳಿ ನಗಾಡಿರ್. ಅವತ್ತ್ ಉಂಡದ್ದೂ ಇಲ್ಲ."

ಅಂದರೆ ನೀವು ಕೇಳಿದ್ದು ನನ್ನನ್ನೇ. ಅಷ್ಟು ದಿನ ನನ್ನ ಪಾಠ ಕೇಳಿದವರು, ನನ್ನ ಸ್ವರ ಬಲ್ಲವರು, ಅಂಗಳದಲ್ಲಿ ನಿಂತವಳು ಯಾರೆಂದು ತಿಳಿದೇ, ನಾನು ಹೂಂ ಎನ್ನಲಿ ಎಂದು ಒಂದು ಬಾಗಿಲು ತೆರೆದಿದ್ದಿರಿ. ಅಂಥವರ ಎದುರು ನಿಂತು, ಅವಳಿಗೆ ವರ್ಗವಾಗಿದೆ, ಎಲ್ಲಿಗೆಂದು ಗೊತ್ತಿಲ್ಲ ಎಂದು ಹೇಳಿ ಬಂದೆ. ಮಾರನೇ ದಿನ ಮಕ್ಕಳೆಲ್ಲ ಹೋದ ಮೇಲೂ ಫೋನು ಹಿಡಿದು ಕೂತವರು ನೀವು. ನಾನು ಫೋಟೋ ಆಗಿಲ್ಲ, ಅಳು ತಡೆದು ಕೂತಿದ್ದೇನೆ ಎಂದು ನಿಮಗೆ ಗೊತ್ತಿತ್ತೇ? ಮೈಕು ತೆರೆದು ಒಂದು ಮಾತು ಆಡಬಹುದಿತ್ತು ನೀವು. ನನ್ನ ಉತ್ತರ ಕೇಳಿದ ಮೇಲೆ ಯಾವ ಬಾಯಿಯಿಂದ ಆಡುತ್ತೀರಿ, ಅದೂ ಸರಿಯೇ.

ಶುಕ್ರವಾರದಿಂದ ನಾನು ಸರಿಯಾಗಿ ಉಂಡಿಲ್ಲ. ಇದು ನಿಮ್ಮ ಕರುಣೆಗಾಗಿ ಬರೆದದ್ದಲ್ಲ. ನೀವು ಅವತ್ತು ಉಣ್ಣಲಿಲ್ಲ ಎಂದು ನನಗೆ ನಾಲ್ಕು ವರ್ಷ ತಡವಾಗಿ ತಿಳಿಯಿತು, ಅಷ್ಟೇ.

ತಪ್ಪಾಯಿತು. ನೀವು ಬೋರ್ಡಿನ ಮಾತು ಹೇಳಿದ್ದೂ ತಪ್ಪೇ, ಅದನ್ನು ಬಿಟ್ಟುಕೊಡುವುದಿಲ್ಲ. ಕೆಲಸ ಬಿಡದೆ ಇದ್ದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ನೋಡಿ, ಕ್ಷಮೆ ಕೇಳುವ ಕಾಗದದಲ್ಲೂ ನಾನು ಜಗಳಕ್ಕೆ ನಿಲ್ಲುತ್ತಿದ್ದೇನೆ. ಆದರೆ ಅಂಗಳದಲ್ಲಿ ಹೇಳಿದ ಆ ಸುಳ್ಳಿಗೆ ಮಾತ್ರ ತಪ್ಪಾಯಿತು ಎಂದು ಬೇರೆಯಾಗಿ, ಪೂರ್ತಿಯಾಗಿ ಹೇಳಬೇಕು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬೈಂದೂರಿಗೆ ಬರುತ್ತೇನೆ. ಹನ್ನೊಂದರ ಹೊತ್ತಿಗೆ ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರಬಹುದು. ಬಾಗಿಲಲ್ಲಿ ನಿಂತು, ಶೇಖರ ಅವರು ಹೇಗಿದ್ದಾರೆ ಎಂದು ಕೇಳುತ್ತೇನೆ. ಅವರು ಊರಲ್ಲಿಲ್ಲ ಎಂದು ನೀವೇ ನನ್ನ ಮುಖ ನೋಡಿ ಹೇಳಬಹುದು. ಅದಕ್ಕೆ ನಿಮಗೆ ಹಕ್ಕಿದೆ. ಹಾಗೆ ಹೇಳಿದರೆ ಒಂದು ಚಾ ಕುಡಿದು ವಾಪಸು ಬಸ್ಸು ಹತ್ತುತ್ತೇನೆ, ಮದುವೆಯ ದಿನ ನಿಮ್ಮ ಬಡಿಸುವ ಸಾಲಿನಲ್ಲಿ ಕೂರುವುದಿಲ್ಲ. ಬೇರೆ ಏನಾದರೂ ಹೇಳುವುದಿದ್ದರೆ ಸಂಜೆಯವರೆಗೆ ನನಗೆ ಕೆಲಸವಿಲ್ಲ.

ಬಿಸಿಲು ಜಾಸ್ತಿಯಾಗಿದೆ. ಒಲೆಯ ಮುಂದೆ ನಿಲ್ಲುವವರು ನೀರು ಕುಡಿಯುತ್ತಿರಿ.

ಇಂತಿ,
ಎಲ್ಲಿಗೂ ವರ್ಗವಾಗದ
ಹರಿಣಾಕ್ಷಿ

ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಬಂದವರು ಯಾರೆಂದು ವಿಚಾರಿಸಲಿಲ್ಲ ಎಂದದ್ದು. ನಿಮ್ಮ ಬಸ್ಸಿನವರ ಪಟ್ಟಿಯನ್ನು ಪ್ರಿನ್ಸಿಪಾಲರು ಎರಡು ದಿನ ಮೊದಲೇ ನನಗೆ ಕಳಿಸಿದ್ದರು. ಯಾರನ್ನು ಯಾವ ಕೋಣೆಯಲ್ಲಿ ಇಡಬೇಕು ಎಂದು ಬರೆಯುವ ಕೆಲಸ ನನ್ನದಾಗಿತ್ತು. ಮೂವತ್ತೆಂಟು ಹೆಸರು. ನಿಮ್ಮದು ಕಂಡಾಗ ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟು ಕೂತಿದ್ದೆ. ಸುಂದರಣ್ಣನನ್ನು ನಿಮ್ಮ ಜೊತೆಗೆ ಹಾಕಿದ್ದೂ ನಾನೇ. ಅವರ ಹೆಸರು ಕ್ಲಾಸಿನಲ್ಲಿ ಮೂಡಿದ ದಿನವೇ ಆ ಫೋನು ಯಾವ ಕೋಣೆಯಲ್ಲಿದೆ ಎಂದು ನನಗೆ ತಿಳಿದಿತ್ತು; ಕೆಮ್ಮು ಕೇಳಿದ ಮೇಲೆ ಸಂಶಯವೂ ಉಳಿಯಲಿಲ್ಲ. ನಿಮ್ಮಿಬ್ಬರ ಹೆಸರಿನ ಮುಂದೆ ನಾನು ಬರೆದ ಮಹಡಿಯ ಮೂಲೆಯ ಹದಿನೇಳನೇ ಕೋಣೆ ನನ್ನ ಕ್ಲಾಸು. ಇಡೀ ಕಾಲೇಜಿನಲ್ಲಿ ಎರಡೂ ಬದಿಯ ಕಿಟಕಿಯಿಂದ ಹೊಳೆಯ ಗಾಳಿ ಬರುವುದು ಅದೊಂದಕ್ಕೇ. ನಿಮಗೆ ಗಾಳಿಯಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎಂದು ಕಾಲೇಜಿನಲ್ಲಿ ಇನ್ನು ಯಾರಿಗೆ ಗೊತ್ತಿತ್ತು?